ಮೇಷ್ಟ್ರ ಸೀಟು

ವಿಮೆ ಕಂಪನಿಯ ಕಾಗದ ಬಂದಾಗ ಬ್ರೇಕ್ ಮೇಷ್ಟ್ರು ಕಾರಿನ ಚಕ್ರವನ್ನು ಬೂಟುಗಾಲಿನಿಂದ ಒದ್ದು ಗಾಳಿ ನೋಡುತ್ತಿದ್ದರು. ಕಾರು ಓಡುತ್ತಿದ್ದದ್ದು ವಾರಕ್ಕೊಮ್ಮೆ, ಬುಧವಾರ ಮಾತ್ರ. ಆದರೂ ದಿನಾ ಬೆಳಿಗ್ಗೆ ನಾಲ್ಕು ಚಕ್ರಗಳಿಗೂ ಒಂದೊಂದು ಒದೆ ತಪ್ಪುತ್ತಿರಲಿಲ್ಲ. ಗಾಳಿ ತುಂಬುವ ಅಂಗಡಿಯಲ್ಲಿ ಅದಕ್ಕೊಂದು ಯಂತ್ರ ಇದೆಯೆಂದು ಯಾರಾದರೂ ಹೇಳಿದರೆ, ಯಂತ್ರಕ್ಕೆ ಕಾಲಿದೆಯೇ ಎಂದು ಕೇಳುತ್ತಿದ್ದರು.

ವಯಸ್ಸು ಎಪ್ಪತ್ತಾರು. ಮೂವತ್ತೆಂಟು ವರ್ಷ ಬಸ್ ಡಿಪೋ ಪಕ್ಕದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿದವರು. ಅಂಥ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರು ಕೂರುವ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ, ಕಲಿಯುವವರು ಗೋಡೆಗೆ ಗುದ್ದುವ ಮೊದಲು ಒತ್ತಲಿ ಎಂದು. ಇವರು ಗೋಡೆ ಕಣ್ಣಿಗೆ ಬೀಳುವ ಮೊದಲೇ ಒತ್ತುತ್ತಿದ್ದರು. ಹೆಸರು ಬಂದದ್ದು ಹಾಗೆ. ಮಾಲೀಕ ಸ್ಕೂಲು ಮುಚ್ಚಿದಾಗ ಕೊನೆಯ ಕಾರನ್ನು ಇವರೇ ಕೊಂಡುಕೊಂಡರು. ಎರಡನೆಯ ಬ್ರೇಕು ತೆಗೆಸಿ ಎಂದು ಹೆಂಡತಿ ಹೇಳಿದ್ದಕ್ಕೆ, ಇದ್ದರೆ ಇರಲಿ ಬಿಡು, ಅದೇನು ಬಾಡಿಗೆ ಕೇಳುತ್ತದೆಯೇ ಎಂದಿದ್ದರು.

ಕಾಗದದಲ್ಲಿ ವಿಮೆಯ ಕಂತು ಹೋದ ವರ್ಷಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಕಾರಣ ಎರಡು. ಒಂದು, ವಾಹನ ಓಡಿಸುವವರಿಗೆ ಎಪ್ಪತ್ತೈದು ದಾಟಿದೆ. ಇನ್ನೊಂದು, ವರ್ಷಕ್ಕೆ ಓಡಿಸಿದ ದೂರ ತೀರಾ ಕಡಿಮೆ. ಮೊದಲನೆಯದನ್ನು ಮೇಷ್ಟ್ರು ಹೇಗೋ ನುಂಗಿಕೊಂಡರು. ಎರಡನೆಯದು ಗಂಟಲಲ್ಲೇ ಸಿಕ್ಕಿಕೊಂಡಿತು. ಕಡಿಮೆ ಓಡಿಸಿದರೆ ಗುದ್ದುವುದೂ ಕಡಿಮೆ ಎಂಬುದು ಅವರ ತಿಳಿವಳಿಕೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಕಾರು ತೆಗೆಯದೆ ನಡೆದೇ ಕಂಪನಿಯ ಆಫೀಸಿಗೆ ಹೋದರು. ಕೋಪ ಬಂದಾಗ ಸ್ಟಿಯರಿಂಗ್ ಮುಟ್ಟಬಾರದೆಂದು ಕಲಿಸಿದವರು ಅವರೇ ತಾನೆ.

ಕೌಂಟರಿನಲ್ಲಿ ಕೂತಿದ್ದ ಹೆಂಗಸು ಅವರನ್ನು ಕಂಡು ಅರ್ಧ ಎದ್ದು ನಿಂತಳು. ಇಪ್ಪತ್ತೆರಡು ವರ್ಷದ ಹಿಂದೆ ಅವರ ಬಳಿ ಕಲಿತವಳು. ಮೂರು ಸಲ ಪರೀಕ್ಷೆಗೆ ಹೋಗುತ್ತೇನೆಂದಾಗಲೂ ಮೇಷ್ಟ್ರು ಅದೇ ಮಾತು ಹೇಳಿ ತಡೆದಿದ್ದರು: ‘ಇನ್ನೊಂದು ವಾರ ಬೇಕು.’ ಊರಲ್ಲಿ ಅವರ ಆರು ಸಾವಿರ ಶಿಷ್ಯರಿಗೂ ಆ ಮಾತು ಬಾಯಿಪಾಠ. ಮದುವೆ ಮನೆಗಳಲ್ಲಿ ಅವರ ಧ್ವನಿಯನ್ನು ಅಣಕಿಸಿ ನಗುವವರಿದ್ದರು.

ಅವಳು ತಾಳ್ಮೆಯಿಂದಲೇ ವಿವರಿಸಿದಳು. ವಯಸ್ಸಾದವರು ಅಪರೂಪಕ್ಕೆ ಗಾಡಿ ತೆಗೆದರೆ ಕೈಗೆ ರೂಢಿ ತಪ್ಪುತ್ತದೆ, ಕಂಪ್ಯೂಟರಿನ ಲೆಕ್ಕದಲ್ಲಿ ಅಂಥವರಿಗೇ ಅಪಾಯ ಹೆಚ್ಚು. ಹಾಗಾದರೆ ಸುಮ್ಮನೆ ಊರು ಸುತ್ತಿದರೆ ಕಂತು ಇಳಿಯುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ಹೆಚ್ಚು ಓಡಿಸಿದರೂ ಏರುತ್ತದೆ ಎಂದು ಹೇಳುವಾಗ ಅವಳಿಗೇ ನಾಚಿಕೆಯಾಯಿತು. ಉಳಿದಿದ್ದ ದಾರಿ ಒಂದೇ. ಕಂಪನಿಯ ಪರೀಕ್ಷಕ ಮನೆಗೆ ಬಂದು ಪಕ್ಕದಲ್ಲಿ ಕೂತು ಒಂದು ಗಂಟೆ ನೋಡುತ್ತಾನೆ. ಒಪ್ಪಿದರೆ ಹಳೆಯ ಕಂತು. ಒಪ್ಪದಿದ್ದರೆ ಯಾವ ಕಂತಿಗೂ ವಿಮೆ ಇಲ್ಲ. ಸುಮ್ಮನೆ ಹೆಚ್ಚಿನದನ್ನು ಕಟ್ಟಿಬಿಡಿ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಆರು ಸಾವಿರ ಜನಕ್ಕೆ ಕಲಿಸಿದ ಮೂಗು ಅಷ್ಟರಲ್ಲಿ ಮೇಲೇರಿ ಆಗಿತ್ತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಯಾರದೋ ಪರದೆಯ ಅಂಚು ಹೊಲಿಯುತ್ತಿದ್ದಳು. ವಿಷಯ ಕೇಳಿ, ಇನ್ನೆರಡು ಮನೆಯ ಪರದೆ ಒಪ್ಪಿಕೊಂಡರೆ ಹೆಚ್ಚಿನ ದುಡ್ಡು ಹೊಂದುತ್ತದೆ, ಕಟ್ಟಿಬಿಡೋಣ ಎಂದಳು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ.

‘ಪರೀಕ್ಷೆ ಕೊಡೋರ ಜಾಗದಲ್ಲಿ ಕೂತು ನಿಮಗೆ ಅಭ್ಯಾಸ ಇಲ್ಲ’ ಎಂದಳು ಅವಳು, ಸೂಜಿಯಿಂದ ಕಣ್ಣು ತೆಗೆಯದೆ. ‘ಅಕ್ಕನ ಬುಧವಾರಾನ ಪಣಕ್ಕಿಡಬೇಡಿ.’

ಅಕ್ಕ ಎಂದರೆ ಮೇಷ್ಟ್ರ ಸ್ವಂತ ಅಕ್ಕ. ಎಂಬತ್ತನಾಲ್ಕು ವರ್ಷ. ಒಂದು ಕಾಲದಲ್ಲಿ ಟೆಲಿಫೋನ್ ಆಪರೇಟರ್ ಆಗಿ ಊರಿನ ಅರ್ಧ ಗುಟ್ಟುಗಳನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದವಳು. ಈಗ ಕಣ್ಣು ಮಂಜಾಗಿ, ಸೇತುವೆಯಾಚೆ, ಗುಡ್ಡದ ಮೇಲಿನ ವೃದ್ಧರ ಮನೆಗೆ ತಾನಾಗಿಯೇ ಸೇರಿಕೊಂಡಿದ್ದಳು. ತಮ್ಮನ ಮನೆಯ ಮೂರನೇ ಮಹಡಿ ಹತ್ತಲಾರೆ, ತಮ್ಮನ ಉಪದೇಶವನ್ನೂ ಸಹಿಸಲಾರೆ ಎಂಬುದು ಅವಳು ಕೊಟ್ಟ ಕಾರಣ. ಬುಧವಾರ ಮೂರು ಗಂಟೆಗೆ ತಮ್ಮ ಬಂದು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅಣೆಕಟ್ಟೆಯ ನೀರಿನ ಸುತ್ತ ಒಂದು ಸುತ್ತು ಹಾಕಿಸಬೇಕು. ಕಿಟಕಿ ಪೂರ್ತಿ ಇಳಿಸಿರಬೇಕು. ಕಾಣದಿದ್ದರೂ ನೀರಿನ ಗಾಳಿ ಮುಖಕ್ಕೆ ತಾಕಿದ ಕೂಡಲೇ ‘ಬಂತು’ ಎನ್ನುತ್ತಿದ್ದಳು. ವಾರದ ಉಳಿದ ಆರು ದಿನ ಆ ಸುತ್ತಿಗಾಗಿ ಕಾಯುವುದೇ ಅವಳ ಕೆಲಸ. ಒಮ್ಮೆ ಕಾರು ಕೆಟ್ಟಾಗ ಟ್ಯಾಕ್ಸಿ ಮಾಡಿದ್ದರು. ಆಸ್ಪತ್ರೆಗೆ ಸಾಗಿಸಿದ ಹಾಗಿತ್ತು, ಇನ್ನು ಬೇಡ ಎಂದಿದ್ದಳು. ಗುಡ್ಡಕ್ಕೆ ಬಸ್ಸು ಇರಲಿಲ್ಲ.

ಹೆಂಡತಿಗೂ ಲೈಸೆನ್ಸ್ ಇತ್ತು. ಮದುವೆಯಾದ ಎರಡನೇ ವರ್ಷ ಮೇಷ್ಟ್ರೇ ಕಲಿಸಿ ಕೊಡಿಸಿದ್ದು. ಲೈಸೆನ್ಸ್ ಬಂದ ವಾರ ಅವಳು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೂಲಿನ ಕಾರಿನಲ್ಲಿ ಮಾರುಕಟ್ಟೆಗೆ ಹೊರಟಳು. ದಾರಿಯಲ್ಲಿ ಮೇಷ್ಟ್ರು ಹದಿನಾಲ್ಕು ಸಲ ಬ್ರೇಕು ಒತ್ತಿದರು. ಮಾರುಕಟ್ಟೆಯ ಮುಂದೆ ಅವಳು ಕಾರು ನಿಲ್ಲಿಸಿ, ಕೀಲಿ ಅವರ ಕೈಗಿಟ್ಟು, ತರಕಾರಿ ಚೀಲ ಹೊತ್ತು ನಡೆದೇ ಮನೆಗೆ ಬಂದಳು. ಆಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಲೈಸೆನ್ಸನ್ನು ಮಾತ್ರ ಹಟಕ್ಕೆ ಬಿದ್ದವಳ ಹಾಗೆ ಪ್ರತಿ ಸಲ ಹೊಸದು ಮಾಡಿಸುತ್ತಿದ್ದಳು.

ಪರೀಕ್ಷಕ ಮಂಗಳವಾರ ಹತ್ತು ಗಂಟೆಗೆ ಬಂದ. ಮೂವತ್ತೈದರ ಆಸುಪಾಸಿನ ಮನುಷ್ಯ, ಎದೆಗೆ ಒಂದು ಫೈಲು ಒತ್ತಿಕೊಂಡಿದ್ದ, ಮಾತು ಅಳೆದು ತೂಗಿ ಆಡುತ್ತಿದ್ದ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರು ತೊಳೆದು, ಗಾಜು ಒರೆಸಿ ಸಿದ್ಧವಾಗಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದರು, ನಾಲ್ಕು ಒದೆ ಒದ್ದರು. ಹೊರಡೋಣವೇ ಎಂದು ಪರೀಕ್ಷಕ ಕೇಳಿದ. ಹೊರಡೋಣ ಎಂದು ಮೇಷ್ಟ್ರು ಬಾಗಿಲು ತೆರೆದು ಕೂತು, ಬೆಲ್ಟು ಹಾಕಿಕೊಂಡು, ಎದುರಿನ ಚಿಕ್ಕ ಕನ್ನಡಿ ತಿರುಗಿಸಿ, ಪಾದವನ್ನು ಪೆಡಲಿನ ಮೇಲೆ ಹಗುರವಾಗಿ ಇಟ್ಟರು. ಆಮೇಲೆ ಹೊರಗೆ ನಿಂತಿದ್ದವನಿಗೆ ಹೇಳಿದರು:

‘ಹತ್ತಿ. ಮೊದಲು ಸೀಟು ಸರಿ ಮಾಡ್ಕೊಳ್ಳಿ. ಅವಸರ ಬೇಡ.’

ಪರೀಕ್ಷಕ ಹತ್ತಲಿಲ್ಲ. ಮೇಷ್ಟ್ರು ಕಾದರು. ಹೊಸಬರು ಹೆದರುವುದು ಸಹಜ, ಅವರಿಗೆ ಸಮಯ ಕೊಡಬೇಕು. ಅವನು ಫೈಲು ತೆರೆದು ಏನೋ ಬರೆದುಕೊಂಡ. ಆಗ ಮೇಷ್ಟ್ರು ತಮ್ಮ ಎದುರು ನೋಡಿದರು. ಸ್ಟಿಯರಿಂಗ್ ಇರಲಿಲ್ಲ. ಅದು ಪಕ್ಕದಲ್ಲಿತ್ತು.

ಮೂವತ್ತೆಂಟು ವರ್ಷ ಯಾರಾದರೂ ಅಪರಿಚಿತರು ಕೈಯಲ್ಲಿ ಕಾಗದ ಹಿಡಿದು ಕಾರಿನ ಪಕ್ಕ ನಿಂತರೆ ಅವರು ಕೂರುತ್ತಿದ್ದ ಜಾಗ ಅದು. ಕಾಲು ತಾನಾಗಿ ಅಲ್ಲಿಗೆ ಹೋಗಿತ್ತು. ಇದನ್ನು ಹೇಳಬೇಕೆಂದು ಬಾಯಿ ತೆರೆದರು. ಕ್ಷಮೆ ಕೇಳುವ ವಿದ್ಯಾರ್ಥಿಗಳ ಮಾತಿನ ಹಾಗೆ ಕೇಳಿಸೀತೆಂದು ಮುಚ್ಚಿಕೊಂಡರು. ಇಳಿದು, ಸುತ್ತಿ ಬಂದು, ಸ್ಟಿಯರಿಂಗಿನ ಮುಂದೆ ಕೂತರು. ಆಮೇಲಿನ ಒಂದು ಗಂಟೆಯ ಓಟದಲ್ಲಿ ಒಂದೇ ಒಂದು ಲೋಪ ಇರಲಿಲ್ಲ. ಸಂತೆ ಬೀದಿಯಲ್ಲಿ, ಸೇತುವೆಯ ಇಳಿಜಾರಿನಲ್ಲಿ, ಶಾಲೆ ಶುರುವಾಗುವ ಹೊತ್ತಿನ ಗದ್ದಲದಲ್ಲಿ ಕಾರು ಬೆಣ್ಣೆಯಿಂದ ಕೂದಲೆಳೆದ ಹಾಗೆ ಹೋಯಿತು. ಇಳಿಯುವಾಗ ಪರೀಕ್ಷಕ ಕೈಕುಲುಕಿದ. ಮೇಷ್ಟ್ರು ಅದನ್ನೇ ಹಿಡಿದುಕೊಂಡು ಎರಡು ದಿನ ಸಮಾಧಾನದಲ್ಲಿದ್ದರು.

ವರದಿಯಲ್ಲಿ ಹೀಗಿತ್ತು: ಚಾಲನೆ ನಿರ್ದೋಷ. ಆದರೆ ವಾಹನ ಓಡಿಸಲು ಹೇಳಿದಾಗ ಅರ್ಜಿದಾರರು ಬೇರೆ ಸೀಟಿನಲ್ಲಿ ಕೂತು, ಪರೀಕ್ಷಕನೇ ಓಡಿಸಲೆಂದು ನಿರೀಕ್ಷಿಸಿದರು. ಮನಸ್ಸಿನ ಗೊಂದಲ: ಹೌದು. ತೀರ್ಮಾನ: ವಿಮೆ ಮುಂದುವರಿಸಲಾಗದು.

ಕೌಂಟರಿನ ಹೆಂಗಸು ತಾನೇ ಫೋನು ಮಾಡಿದಳು. ಅವಳಿಗೆ ಆಗಿದ್ದೇನೆಂದು ಒಂದೇ ಸಲ ಓದಿದ್ದಕ್ಕೆ ತಿಳಿದಿತ್ತು. ಮೇಲಿನವರಿಗೂ ಹೇಳಿದ್ದಳಂತೆ. ಆದರೆ ಆ ಕಾಲಮ್ಮಿನಲ್ಲಿ ಹೌದು, ಇಲ್ಲ ಎಂಬ ಎರಡೇ ಮಾತಿಗೆ ಜಾಗ, ಇವರು ಮೇಷ್ಟ್ರಾಗಿದ್ದವರು ಎಂದು ಬರೆಯಲು ಜಾಗವಿಲ್ಲ. ಆಮೇಲೆ ಹಿಂದೆ ಮುಂದೆ ನೋಡಿ ಇನ್ನೊಂದು ವಿಷಯ ಹೇಳಿದಳು. ಕಾರನ್ನು ಹೆಂಡತಿಯ ಹೆಸರಿಗೆ ಮಾಡಿ, ಓಡಿಸುವವರು ಅವರೊಬ್ಬರೇ ಎಂದು ಬರೆದರೆ ಕಂತು ಹಳೆಯದಕ್ಕಿಂತಲೂ ಕಡಿಮೆ. ವಯಸ್ಸು ಅರವತ್ತೆಂಟು, ನಲವತ್ತು ವರ್ಷದ ಲೈಸೆನ್ಸ್, ಒಂದೂ ಅಪಘಾತವಿಲ್ಲ. ಕಂಪ್ಯೂಟರಿಗೆ ಅಂಥವರೆಂದರೆ ಪ್ರಾಣ. ಮೇಷ್ಟ್ರು ಫೋನು ಇಟ್ಟರು.

ಮುಂದಿನ ಬುಧವಾರ ಕಾರು ಕೆಳಗೇ ನಿಂತಿತ್ತು. ಅಕ್ಕನಿಗೆ ಫೋನು ಮಾಡಿ, ಕಾರಿಗೆ ಸ್ವಲ್ಪ ಕೆಲಸ ಇದೆ ಎಂದರು. ಪರವಾಗಿಲ್ಲ ಬಿಡು, ಮುಂದಿನ ವಾರ ಎಂದಳು ಅಕ್ಕ. ಆಮೇಲೆ ಅಲ್ಲಿನ ದಾದಿ ಫೋನು ತೆಗೆದುಕೊಂಡು, ಇವರು ಮಧ್ಯಾಹ್ನ ಒಂದು ಗಂಟೆಯಿಂದಲೇ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಾರೆ, ಬಿಚ್ಚಲು ಬಿಡುತ್ತಿಲ್ಲ ಎಂದಳು.

ಆ ದಿನಗಳಲ್ಲಿ ಅವರು ಕಿಟಕಿಯ ಪಕ್ಕ ಕೂತು ತಮ್ಮಷ್ಟಕ್ಕೆ ಏನೇನೋ ಒಪ್ಪಿಸಿಕೊಳ್ಳುತ್ತಿದ್ದರು. ಡಿಪೋದಿಂದ ಸೇತುವೆಯವರೆಗಿನ ಬೀದಿಗಳ ಹೆಸರು, ಮೊದಲ ವರ್ಷ ಪಾಸಾದವರ ಹೆಸರು. ಎಲ್ಲವೂ ಸರಿಯಾಗಿ ಬರುತ್ತಿದ್ದವು. ಆದರೂ ಸಂಶಯವೆಂಬುದು ಒಳಗೆ ಹೊಕ್ಕಿತ್ತು. ಕೊನೆಗೆ ಹೆಂಡತಿಯನ್ನೇ ಕೇಳಿದರು, ನನಗೆ ಮರೆವು ಶುರುವಾಗಿದೆಯೇ, ನಿಜ ಹೇಳು ಎಂದು. ಹೆದರಿದ್ದರು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ಅವಳು ಯಂತ್ರ ನಿಲ್ಲಿಸಿದಳು. ‘ನೀವು ಮರೀಲಿಲ್ಲ’ ಎಂದಳು. ‘ನೆನಪು ಜಾಸ್ತಿ ಆಯ್ತು, ಅಷ್ಟೆ.’

ಪರದೆ ಮಡಚಿಟ್ಟು ಮತ್ತೆ ಹೇಳಿದಳು: ‘ನಾನು ಓಡಿಸ್ತೀನಿ. ಆದ್ರೆ ಆ ಬ್ರೇಕು ಮೊದಲು ಹೊರಗೆ ಹೋಗಬೇಕು.’

ಮೆಕ್ಯಾನಿಕ್ ಮನೆಗೇ ಬಂದು ಅರ್ಧ ಗಂಟೆಯಲ್ಲಿ ಪೆಡಲು ಬಿಚ್ಚಿದ. ಅದರ ರಬ್ಬರು ಒಂದು ಬದಿಗೆ ಸವೆದು ಕಬ್ಬಿಣ ಕಾಣುತ್ತಿತ್ತು. ಗುಜರಿಗೆ ಹಾಕಲೇ ಎಂದು ಅವನು ಕೇಳಿದಾಗ ಮೇಷ್ಟ್ರು ಕೈಚಾಚಿ ಇಸಿದುಕೊಂಡು, ಹಳೆಯ ಬನಿಯನ್ನಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ಹೊಸ ವಿಮೆಯ ಕಾಗದ ಬಂದ ಮೇಲೆ ಎರಡು ವಾರ, ಬೆಳಗಿನ ಹೊತ್ತು, ಊರಾಚೆಯ ಗೋದಾಮಿನ ಖಾಲಿ ಅಂಗಳದಲ್ಲಿ ಹೆಂಡತಿ ಕಾರು ತಿರುಗಿಸಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು ಮಾತಾಡಬಾರದೆಂದು ಕರಾರಾಗಿತ್ತು. ಅವರು ಮಾತಾಡಲಿಲ್ಲ. ಕಾಲಡಿಯ ರಬ್ಬರು ಚಾಪೆ ಮಾತ್ರ ಒಂದೇ ಕಡೆ ಒತ್ತಿಸಿಕೊಂಡು ತಗ್ಗಾಗತೊಡಗಿತು. ಅವಳು ಅದನ್ನು ನೋಡಿಯೂ ನೋಡದ ಹಾಗಿದ್ದಳು.

ಮೂರು ಬುಧವಾರ ತಪ್ಪಿತ್ತು. ನಾಲ್ಕನೆಯದಕ್ಕೆ ಅಕ್ಕ ಮತ್ತೆ ಬೂಟು ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಹಿಂದಿನ ಸೀಟಿಗೆ ಹತ್ತಿಸುವಾಗ ತಮ್ಮನ ತೋಳು ಹಿಡಿದು, ಬಡವಾಗಿದ್ದೀಯ ಎಂದಳು. ಹೆಂಡತಿ ಕಾರನ್ನು ಅಣೆಕಟ್ಟೆಯ ರಸ್ತೆಗೆ ತಿರುಗಿಸಿದ ಮೇಲೆ ನೀರಿನ ಗಾಳಿ ಬೀಸಿತು. ‘ಬಂತು’ ಎಂದಳು.

ಎರಡನೆಯ ತಿರುವಿನಲ್ಲಿ ಮೀನಿನ ಬುಟ್ಟಿ ಕಟ್ಟಿದ ಸೈಕಲ್ಲೊಂದು ಪೊದೆಯ ಮರೆಯಿಂದ ಅಡ್ಡ ಬಂತು. ಮೇಷ್ಟ್ರ ಪಾದ ಚಾಪೆಗೆ ಅಪ್ಪಳಿಸಿತು. ಕಾರು ನಿಂತಿತು. ಅವರು ನಿಲ್ಲಿಸುತ್ತಿದ್ದ ಜಾಗದಲ್ಲೇ, ಅವರು ನಿಲ್ಲಿಸುತ್ತಿದ್ದಷ್ಟೇ ಮೆತ್ತಗೆ. ಸೈಕಲ್ಲಿನವನು ಬೈದುಕೊಂಡು ಹೋದ. ಅವರು ತಮ್ಮ ಪಾದವನ್ನು ನೋಡಿಕೊಂಡರು. ಅದರ ಕೆಳಗೆ ಏನೂ ಇರಲಿಲ್ಲ.

‘ನೀನೇ ಒತ್ತಿದ್ಯೇನೋ?’ ಎಂದು ಹಿಂದಿನಿಂದ ಅಕ್ಕ ಕೇಳಿದಳು.

‘ಇಲ್ಲ ಅಕ್ಕ. ಅವಳೇ.’

ಮುಂದಿನ ದಾರಿಯಲ್ಲಿ ಮೇಷ್ಟ್ರು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡು ಕೂತರು. ಈ ಸೀಟಿನಲ್ಲಿ ಕೂತದ್ದಕ್ಕೇ ಅವರನ್ನು ಗೊಂದಲದ ಮನುಷ್ಯ ಎಂದು ಬರೆದಿದ್ದರು. ಇಲ್ಲಿಂದ ನೋಡಿದರೆ ನೀರು ಉದ್ದಕ್ಕೂ ಕಾಣುತ್ತಿತ್ತು. ಸ್ಟಿಯರಿಂಗ್ ಹಿಡಿದು ಇದೇ ರಸ್ತೆಯಲ್ಲಿ ಇಷ್ಟು ವರ್ಷ ಬಂದರೂ ಅದನ್ನು ಅವರು ಸರಿಯಾಗಿ ನೋಡಿರಲಿಲ್ಲ. ನೀರು ಇಳಿದಿದೆ, ನಡುವೆ ಒಂದು ಬಂಡೆ ಎದ್ದಿದೆ, ಅದರ ಮೇಲೆ ನಾಲ್ಕೈದು ಕೊಕ್ಕರೆ ಕೂತಿವೆ ಎಂದು ಅಕ್ಕನಿಗೆ ಒಂದೊಂದಾಗಿ ಹೇಳುತ್ತ ಬಂದರು. ಇಷ್ಟು ದಿನ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಅಕ್ಕ ಸಿಡುಕಿದಳು.

ವೃದ್ಧರ ಮನೆಯ ಗೇಟಿನ ಮುಂದೆ ಹೆಂಡತಿ ಇಂಜಿನ್ ಆರಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೇ ಇಟ್ಟುಕೊಂಡು ಕೂತಳು. ಗಂಡನ ಕಡೆ ತಿರುಗದೆ, ಹೇಗಾಯಿತು, ಪಾಸೋ ಫೇಲೋ ಎಂದು ಕೇಳಿದಳು.

ಮೇಷ್ಟ್ರು ಬೆಲ್ಟು ಬಿಚ್ಚಿದರು.

‘ಇನ್ನೊಂದು ವಾರ ಬೇಕು’ ಎಂದರು.

‘ಹಾಗಾದ್ರೆ ಮುಂದಿನ ಬುಧವಾರ ನಾನು ಒಂದು ಗಂಟೆಗೇ ಬೂಟು ಹಾಕ್ಕೊಂಡಿರ್ತೀನಿ’ ಎಂದಳು ಹಿಂದಿನ ಸೀಟಿನಿಂದ ಅಕ್ಕ.