ಬಲಗೈಯ ಅಳತೆ

ರಿಯಾದಿನ ಮಲಾಜ್ ಬಡಾವಣೆಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವ ಭುಜಗಳ ಕಥೆಯೆಲ್ಲ ಅಲ್ಲಿನ ಥೆರಪಿಸ್ಟ್ ಲವಿನಾಳಿಗೆ ಗೊತ್ತಿದ್ದದ್ದೇ. ಶುಕ್ರವಾರದ ಕ್ರಿಕೆಟ್ಟಿನಲ್ಲಿ ಬಿದ್ದವರು, ಚೀಲ ಹೊತ್ತು ಸವೆದವರು, ಹಗಲಿಡೀ ಟ್ರಕ್ಕು ಓಡಿಸಿದವರು. ಶಿಗೆಮಾತ್ಸುವಿನಂಥ ಭುಜವನ್ನು ಮಾತ್ರ ಅವಳು ಹಿಂದೆಂದೂ ಮುಟ್ಟಿರಲಿಲ್ಲ.

ಅವನು ಜಪಾನಿನ ಬೇಸ್‌ಬಾಲ್ ಆಟಗಾರ, ಚೆಂಡೆಸೆಯುವ ಪಿಚರ್. ವಯಸ್ಸು ಮೂವತ್ತೆಂಟು. ವೃತ್ತಿಪರ ಆಟದ ಹದಿನಾರು ವರ್ಷಗಳಲ್ಲಿ ಹೆಚ್ಚಿನವು ಎರಡನೇ ತಂಡದಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ಕಳೆದುಹೋಗಿದ್ದವು. ಅಲ್ಲಿಯವರು ಕೈಬಿಟ್ಟ ಮೇಲೆ ರಿಯಾದಿನ ಹೊಸ ತಂಡವೊಂದು ಒಂದೇ ಒಂದು ಸೀಸನ್ನಿಗೆ ಕರೆದಿತ್ತು. ಭುಜ ಸರಿಯಿದೆ ಎಂದು ಕ್ಲಿನಿಕ್ಕು ಬರೆದುಕೊಟ್ಟರೆ ಒಪ್ಪಂದ. ಇಲ್ಲವಾದರೆ ಅವನ ಆಟ ಇಲ್ಲಿಗೇ ಮುಗಿದಂತೆ.

ಲವಿನಾ ಅವನನ್ನು ಮಲಗಿಸಿ ಬಲಗೈಯನ್ನು ಒಳಮುಖವಾಗಿ ತಿರುಗಿಸಿದಳು. ಎಪ್ಪತ್ತು ಡಿಗ್ರಿ ತಿರುಗಬೇಕಾದ ತೋಳು ನಲವತ್ತೈದಕ್ಕೇ ನಿಂತಿತು. ‘ಆಡಲು ಅನರ್ಹ’ ಎಂದು ಬರೆದಳು. ಅವನು ವಾದಿಸಲಿಲ್ಲ. ಕಾಗದವನ್ನು ಸ್ವಲ್ಪ ಹೊತ್ತು ನೋಡಿ, ತಲೆಬಾಗಿಸಿ ಹೊರಟ.

ಆದರೆ ಕಾರಿಡಾರಿನಲ್ಲಿ ಯಾರೂ ಇಲ್ಲವೆಂದುಕೊಂಡು ಕ್ಲಿನಿಕ್ಕಿನ ಟವೆಲೊಂದನ್ನು ಎತ್ತಿಕೊಂಡ. ಎಡಗಾಲು ಎತ್ತಿ, ಮೈ ಹಿಂದಕ್ಕೆಳೆದು, ಚೆಂಡೆಸೆಯುವವನಂತೆ ಬೀಸಿದ. ಟವೆಲು ಗಾಳಿಯಲ್ಲಿ ಚಟ್ಟೆಂದಿತು. ಬಾಗಿಲ ಸಂದಿಯಿಂದ ಲವಿನಾ ನೋಡಿದಳು. ಕೆಟ್ಟ ಭುಜ ಎಲ್ಲಾದರೊಂದು ಕಡೆ ತಡವರಿಸುತ್ತದೆ. ಇದು ತಡವರಿಸಲಿಲ್ಲ.

ಆ ಸದ್ದು ಅವಳನ್ನು ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಫೈಲು ತೆರೆದು ಎರಡೂ ಕೈಗಳ ಅಂಕಿಗಳನ್ನು ಕೂಡಿಸಿದಳು. ಬಲಗೈ ಒಳಕ್ಕೆ ನಲವತ್ತೈದು, ಹೊರಕ್ಕೆ ನೂರ ಹದಿನೈದು. ಎಡಗೈ ಎಪ್ಪತ್ತು, ತೊಂಬತ್ತು. ಎರಡರದ್ದೂ ನೂರ ಅರವತ್ತೇ. ಎಳೆಯ ವಯಸ್ಸಿನಿಂದ ಎಸೆದೂ ಎಸೆದೂ ಮೂಳೆಯೇ ಹೊರಮುಖವಾಗಿ ತಿರುಚಿ ಬೆಳೆದಿತ್ತು. ಒಳಗಡೆ ಕಡಿಮೆಯಾದದ್ದು ಹೊರಗಡೆ ಸೇರಿತ್ತು, ಅಷ್ಟೆ. ಅವಳು ಶುಕ್ರವಾರದ ಕ್ರಿಕೆಟ್ಟಿನವರ ಅಳತೆಯಲ್ಲಿ ಪಿಚರನೊಬ್ಬನನ್ನು ಅಳೆದುಬಿಟ್ಟಿದ್ದಳು.

ರಿಪೋರ್ಟು ಆಗಲೇ ತಂಡದವರ ಕೈ ಸೇರಿದೆಯೆಂದು ರಿಸೆಪ್ಶನ್ನಿನ ನಝೀಮ್ ಹೇಳಿದ. “ಎಂತ ಮಾರಾಯ್ತಿ, ಆ ಜಪಾನಿನವ ಒಂದು ಮಾತೂ ಎತ್ತಲಿಲ್ಲ. ನೀನೇ ಕರೆದು ನನ್ನದು ತಪ್ಪು ಅಂತ ಹೇಳುದಾ?”

“ಅವನು ಬೈದಿದ್ರೆ ಅವತ್ತೇ ಮತ್ತೊಮ್ಮೆ ಅಳೀತಿದ್ದೆ,” ಎಂದಳು ಲವಿನಾ. “ಫೋನ್ ಮಾಡು.”

ಮಧ್ಯಾಹ್ನ ಶಿಗೆಮಾತ್ಸು ಬಂದ. ಅವಳು ಅಂಕಿಗಳನ್ನು ತೋರಿಸಿ, ತನ್ನ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. ಮೂಳೆಯ ವಿಷಯ ತನಗೆ ಹತ್ತು ವರ್ಷದಿಂದ ಗೊತ್ತು ಎಂದ ಅವನು. ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು.

“ನಿಲ್ಲಿಸು ಅಂತ ನೀವು ಬರೆದಿರಿ,” ಎಂದ ಅವನು. “ರೂಮಿಗೆ ಹೋಗಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ನನಗೇ ಆಶ್ಚರ್ಯವಾಯಿತು.”

“ನಾನು ಬರೆದದ್ದು ತಪ್ಪು. ನಿಮ್ಮ ಕೈ ಈಗಲೂ ಎಸೆಯುತ್ತದೆ.”

“ಹಾಗಂತ ಬರೆದುಕೊಡಿ.”

ಬರೆದು ಸಹಿ ಹಾಕಿದಳು. ಅವನು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿ, ಅಲ್ಲೇ ನಿಂತು ತಂಡದ ಮ್ಯಾನೇಜರಿಗೆ ಫೋನು ಮಾಡಿದ. ಭುಜ ಸರಿಯಿದೆಯಂತೆ, ಆದರೂ ತಾನು ಆಡುವುದಿಲ್ಲ ಎಂದು ಶಾಂತವಾಗಿ ಹೇಳಿ ಮುಗಿಸಿದ.

ಲವಿನಾ ಬೆರಗಾಗಿ ನೋಡಿದಳು. ಅವನು ವಿವರಿಸಿದ: ಪಿಚರ್ ಸೋತನೆಂದು ಕಂಡಾಗ ತಂಡದ ಕೋಚ್ ಮೈದಾನದ ನಡುವಿಗೆ ನಡೆದು ಬರುತ್ತಾರೆ, ಅವನು ಕೈಯಲ್ಲಿದ್ದ ಚೆಂಡನ್ನು ಅವರಿಗೆ ಕೊಟ್ಟು ಹೊರಗೆ ಹೋಗಬೇಕು.

“ಹದಿನಾರು ವರ್ಷ ಬೇರೆಯವರೇ ಬಂದು ಚೆಂಡು ಈಸಿಕೊಂಡರು,” ಎಂದ. “ಇವತ್ತು ಯಾರೂ ಬರಲಿಲ್ಲ. ನಾನೇ ಕೊಟ್ಟೆ.”

ಕಾಗದವನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಬಿಸಿಲಿಗಿಳಿದ.