ಸರಿಹೊಂದಿದ ತಪ್ಪು ಕನ್ನಡಕ

ಬೆಳಿಗ್ಗೆ ಡಾಕ್ಟರ ಹಳೆಯ ಚೀಟಿಗಳನ್ನು ಜೋಡಿಸುವಾಗ ಕನ್ನಡಕದಂಗಡಿಯಾಕೆಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಹೋದ ವಾರ ಕನ್ನಡಕ ಒಯ್ದಿದ್ದ ಓರಗಿತ್ತಿಯರಿಬ್ಬರ ಕನ್ನಡಕ ಅದಲುಬದಲಾಗಿ ಹೋಗಿತ್ತು. ಲೈಸೆನ್ಸ್ ಮಂಡಳಿಯವರು ಆಗಲೇ ಒಮ್ಮೆ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದು ತಪ್ಪು ಅವರ ಕಿವಿಗೆ ಬಿದ್ದರೆ ಅಂಗಡಿಗೆ ಬಾಗಿಲು ಹಾಕಬೇಕಿತ್ತು. ಸದ್ದಿಲ್ಲದೆ ಸರಿಮಾಡಿ ಕಳಿಸೋಣವೆಂದು ಇಬ್ಬರನ್ನೂ ಕರೆಸಿದಳು.

ಬಂದವರು ಬೈಯಲಿಲ್ಲ, ಹೊಗಳಿದರು.

"ಸೂಜಿಗೆ ದಾರ ನಾನೇ ಪೋಣಿಸ್ತಿದ್ದೀನಿ ಕಣಮ್ಮ," ಎಂದಳು ಹಿರಿಯಳು.

"ನನಗೆ ಬಸ್ಸಿನ ನಂಬರು ಅಷ್ಟು ದೂರದಿಂದಲೇ ಕಾಣುತ್ತೆ," ಎಂದಳು ಕಿರಿಯಳು.

ಅಂಗಡಿಯಾಕೆ ಕಕ್ಕಾಬಿಕ್ಕಿಯಾದಳು. ತಿರುಪು ಬಿಗಿ ಮಾಡುತ್ತೇನೆಂದು ಸುಳ್ಳು ಹೇಳಿ, ಎರಡನ್ನೂ ಇಸಿದುಕೊಂಡು ಯಂತ್ರದಲ್ಲಿಟ್ಟು ಅಳೆದಳು. ಅನುಮಾನವೇ ಇಲ್ಲ, ಅದಲುಬದಲು. ಚೀಟಿಯಲ್ಲಿದ್ದ ಹೆಸರಿನಂತೆ ಹಾಕಿಸಿದಳು. ಹಿರಿಯಳು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದಳು.

"ನೆಲ ಎದ್ದು ಬರ್ತಿದೆಯಲ್ಲ, ಇದೇನು ಮಾಡಿದ್ರಿ?"

ಕಿರಿಯಳಿಗೆ ಎದುರಿನ ಕ್ಯಾಲೆಂಡರೇ ಮಂಜುಮಂಜು.

ತಪ್ಪು ಕನ್ನಡಕ ಸರಿ, ಸರಿ ಕನ್ನಡಕ ತಪ್ಪು. ಇದ್ಯಾವ ಸೀಮೆಯ ಲೆಕ್ಕ? ಕಣ್ಣು ಪರೀಕ್ಷಿಸೋಣವೆಂದರೆ ಅವಳ ಲೈಸೆನ್ಸಿಗೆ ಆ ಅಧಿಕಾರವಿಲ್ಲ. ಡಾಕ್ಟರು ಬರೆದ ನಂಬರನ್ನು ಕೂದಲೆಳೆಯಷ್ಟೂ ತಿದ್ದುವಂತಿಲ್ಲ. ಬಂದ ಹಾಗೇ ಕಳಿಸಿಬಿಟ್ಟರೆ ಅವರೂ ಖುಷಿ, ತಾನೂ ಪಾರು. ಕಳಿಸಿಯೂ ಬಿಡುತ್ತಿದ್ದಳು, ಆದರೆ ತಲೆಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ.

"ಕಣ್ಣಾಸ್ಪತ್ರೆಯಲ್ಲಿ ಏನಾಯ್ತು, ಮೊದಲಿಂದ ಹೇಳಿ."

"ಏನಾಗುತ್ತೆ?" ಎಂದಳು ಕಿರಿಯಳು. "ಅಕ್ಕನ ಹೆಸರು ಕೂಗಿದಾಗ ಅಕ್ಕ ಕೈ ತೊಳೆಯೋಕೆ ಹೋಗಿದ್ರು. ಸರದಿ ತಪ್ಪಿದ್ರೆ ಮತ್ತೆ ಎರಡು ಗಂಟೆ ಕಾಯಬೇಕು. ನಾನೇ ಹೋಗಿ ಯಂತ್ರಕ್ಕೆ ಗಲ್ಲ ಕೊಟ್ಟೆ. ನನ್ನ ಸರದಿಗೆ ಅಕ್ಕ ಹೋದ್ರು. ನೀವ್ಯಾರು ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಹೊರಗೆ ಹೆಸರು ಕರೆದು ಚೀಟಿ ಕೊಟ್ರು."

ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ. ಅವರ ಎಡವಟ್ಟನ್ನು ತನ್ನ ಎಡವಟ್ಟು ಸರಿಮಾಡಿತ್ತು. ನಗುತ್ತಲೇ ಹಿರಿಯಳ ಹೆಸರಿನ ಚೀಟಿ ಎತ್ತಿಕೊಂಡಳು. ನಂಬರಿನ ಕೆಳಗೆ ಇನ್ನೆರಡು ಸಾಲುಗಳಿದ್ದವು: ಕಣ್ಣಿನೊಳಗೆ ಒತ್ತಡ ವಿಪರೀತ. ದಿನಕ್ಕೆರಡು ಸಲ ಹನಿ, ತಪ್ಪಿಸಿದರೆ ದೃಷ್ಟಿಗೇ ಅಪಾಯ.

"ಈ ಹನಿ ಯಾರು ಹಾಕಿಸಿಕೊಳ್ತಿರೋದು?"

"ಅಕ್ಕ. ನಾನೇ ಹಾಕ್ತೀನಿ. ಮೂರು ವಾರದಿಂದ ಒಂದು ಹೊತ್ತೂ ತಪ್ಪಿಸಿಲ್ಲ," ಎಂದಳು ಕಿರಿಯಳು ಹೆಮ್ಮೆಯಿಂದ.

ಮಂಡಳಿಯ ಎಚ್ಚರಿಕೆ ಅಂಗಡಿಯಾಕೆಗೆ ನೆನಪಾಯಿತು. ಆದರೂ ಕಣ್ಣಾಸ್ಪತ್ರೆಗೆ ಫೋನ್ ಮಾಡಿದಳು.

"ಡಾಕ್ಟ್ರೇ, ನಾನು ಇಬ್ಬರಿಗೆ ಕನ್ನಡಕ ಅದಲುಬದಲು ಕೊಟ್ಟಿದ್ದೆ. ಮಂಡಳಿಗೆ ಬೇಕಾದ್ರೆ ಬರೀರಿ. ಆದ್ರೆ ಅವರ ಪರೀಕ್ಷೆನೂ ಅದಲುಬದಲಾಗಿದೆ. ಹನಿ ಬೇಕಾದ ಕಣ್ಣಿಗೆ ಇವತ್ತಿನವರೆಗೆ ಒಂದು ತೊಟ್ಟೂ ಬಿದ್ದಿಲ್ಲ."

ಹಿರಿಯಳು ಓರಗಿತ್ತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಿರಿಯಳು ಒಮ್ಮೆ ಅಂಗಡಿಯಾಕೆಯನ್ನು, ಒಮ್ಮೆ ಅಕ್ಕನನ್ನು ನೋಡಿದಳು.

"ನನಗೆ ಎಲ್ಲಾ ಚೆನ್ನಾಗೇ ಕಾಣ್ತಿತ್ತಲ್ಲ ಅಕ್ಕ," ಎಂದಳು.