ಇತಿಹಾಸದ ಪೇಪರಿನ ಮೂರು ಗಂಟೆ

ಅರ್ಚನ ಕಾಲೇಜಿನ ಒಳಕ್ಕೆ ಹೋಗುವ ಮುಂಚೆ ನನಗೆ ಎರಡು ಅಪ್ಪಣೆ ಕೊಟ್ಟಳು. ಮೊದಲನೆಯದು, "ಕೂಸು ತುಂಬಾ ಅತ್ರೆ ಯಾರ್ ಕೈಲಾದ್ರೂ ಏಳಿ ಕಳ್ಸು, ಎದ್ದು ಬತ್ತೀನಿ." ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಎರಡನೆಯದನ್ನು ಹೇಳಿದಳು. "ಏನೇ ಆದ್ರೂ ಕರೀಬೇಡ ಮಂಜು. ಈ ಸಲ ಎದ್ದು ಬಂದ್ರೆ ನಾನಿನ್ನು ಪರೀಕ್ಷೆ ಕಡೆ ತಿರುಗೂ ನೋಡಲ್ಲ." ಎರಡಕ್ಕೂ ನಾನು ಹೂಂ ಅಂದೆ. ನನ್ನ ಸ್ವಭಾವವೇ ಹಾಗೆ. ಯಾರು ಏನು ಹೇಳಿದರೂ ಹೂಂ ಅಂದುಬಿಡುತ್ತೇನೆ, ಆಮೇಲೆ ಎಲ್ಲರ ಮಾತನ್ನೂ ಒಟ್ಟಿಗೇ ನಡೆಸಲು ಹೋಗಿ ಒದ್ದಾಡುತ್ತೇನೆ.

ತೋಳಿನಲ್ಲಿ ಮಗಳಿದ್ದಳು. ಎಂಬತ್ತು ದಿನದ ಕೂಸು. ನಮ್ಮಮ್ಮ ಒಂದು ಹೆಸರು ಹೇಳುತ್ತಾಳೆ, ನಮ್ಮತ್ತೆ ಇನ್ನೊಂದು ಹೇಳುತ್ತಾರೆ, ನಾನು ಎರಡಕ್ಕೂ ಒಪ್ಪಿದ್ದರಿಂದ ಹೆಸರೇ ಇಟ್ಟಿಲ್ಲ. ಸದ್ಯಕ್ಕೆ ಪುಟ್ಟಿ.

ಅರ್ಚನಳಿಗೆ ಬಾಕಿಯಿದ್ದದ್ದು ಅದೊಂದೇ ಪೇಪರು. ಹೋದ ವರ್ಷ ಎರಡನೇ ಪಿಯುಸಿಯ ಎಲ್ಲ ಪೇಪರನ್ನೂ ಬರೆದು, ಕೊನೆಯ ಇತಿಹಾಸದ ಹಿಂದಿನ ದಿನ ಅವಳು ನನ್ನ ಜೊತೆ ಬಂದುಬಿಟ್ಟಳು. ಅವಳಿಗೆ ಹದಿನೆಂಟು ತುಂಬಿ ಒಂದು ತಿಂಗಳಾಗಿತ್ತು, ನನಗೆ ಇಪ್ಪತ್ತೊಂದು. ಮನೆಯಲ್ಲಿ ಬೇರೆ ಗಂಡು ಗೊತ್ತು ಮಾಡಿದ್ದರು ನಿಜ. ಆದರೆ ಇನ್ನೊಂದೇ ಒಂದು ದಿನ ತಡೆದುಕೊಂಡಿದ್ದರೆ ಗಂಟೇನು ಹೋಗುತ್ತಿತ್ತು? ಆ ಅವಸರ ನನ್ನದು, ಅವಳದಲ್ಲ. ಆಮೇಲಿನ ಮರುಪರೀಕ್ಷೆಯ ಹೊತ್ತಿಗೆ ಅವಳಿಗೆ ಅನ್ನ ಕಂಡರೆ ವಾಂತಿ. ಮಗುವಾದ ಮೇಲೆ ಅವಳಪ್ಪ ಸೊಣ್ಣಪ್ಪನವರು ಊರಿನ ಹಾಲಿನ ಡೈರಿಯ ಮುಂದೆ ನಿಂತು, ಇನ್ನು ಅವಳು ಪಾಸಾದಂಗೇ ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರಂತೆ. ಅದನ್ನು ಕೇಳಿದ ದಿನದಿಂದ ಅರ್ಚನ ಪುಟ್ಟಿಗೆ ಹಾಲು ಕೊಡುತ್ತಲೇ ಪುಸ್ತಕ ಹಿಡಿದಿದ್ದಳು. ಈ ಪೇಪರು ಹೋದರೆ ಅವಳ ಓದು ಮುಗಿದ ಹಾಗೆ, ಮತ್ತು ಮುಗಿಸಿದವನು ನಾನು.

ನಾವು ಇರುವುದು ಊರಿಗಾಂನಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ. ನಾನು ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ವೆಲ್ಡಿಂಗ್ ಕೆಲಸ ಮಾಡುತ್ತೇನೆ. ಮಗುವನ್ನು ನೋಡಿಕೊಳ್ಳಬೇಕಾಗಿದ್ದ ನಮ್ಮಮ್ಮ ಆದಿಲಕ್ಷ್ಮಿ, ತಮ್ಮನ ಮನೆಯ ಗೃಹಪ್ರವೇಶವೆಂದು ಚಿತ್ರದುರ್ಗಕ್ಕೆ ಹೋಗಿದ್ದಳು. ಅತ್ತೆ ಅಶ್ವತ್ಥಮ್ಮನವರಿಗೆ ಬರುವ ಆಸೆ, ಗಂಡನ ಭಯ. ಹಾಗಾಗಿ ನಾನು ರಜೆ ಹಾಕಿ, ಬೆಳಗಿನ ರೈಲಿನಲ್ಲಿ ತಾಯಿ ಮಗಳಿಬ್ಬರನ್ನೂ ಬಂಗಾರಪೇಟೆಗೆ ಕರೆತಂದಿದ್ದೆ.

ಗೇಟಿನಲ್ಲಿ ಚಲಪತಿ ಅನ್ನುವ ಹೋಂಗಾರ್ಡು ಇದ್ದ. ಬೇರೆ ಪೋಷಕರನ್ನೆಲ್ಲ ರಸ್ತೆಯ ಆಚೆಗೆ ಅಟ್ಟಿದವನು ನನ್ನನ್ನು ಮಾತ್ರ ಕಾಂಪೌಂಡಿನ ಒಳಗಿನ ಹೊಂಗೆಮರದ ಕೆಳಗೆ ಕೂರಲು ಬಿಟ್ಟ. "ಕೂಸೈತೆ ಅಂತ ಬಿಟ್ಟಿದ್ದೀನಿ ತಮ್ಮ. ಶಬ್ದ ಮಾಡಿದ್ರೆ ಇಬ್ರನ್ನೂ ಆಚೆ ಆಕ್ತೀನಿ," ಅಂದ. ಅದನ್ನೂ ಪುಟ್ಟಿಯ ಮುಖ ನೋಡಿಕೊಂಡೇ ಅಂದ.

ಹನ್ನೊಂದರವರೆಗೆ ನಾನು ಜಗತ್ತಿನ ಶ್ರೇಷ್ಠ ತಂದೆಯಾಗಿದ್ದೆ. ಆಸ್ಪತ್ರೆಯ ನರ್ಸು ಹೇಳಿಕೊಟ್ಟ ಹಾಗೆ ಅರ್ಚನ ಎದೆಹಾಲನ್ನು ಹಿಂಡಿ ಚಿಕ್ಕ ಸ್ಟೀಲಿನ ಡಬ್ಬಿಯಲ್ಲಿ ಇಟ್ಟಿದ್ದಳು. ನಾಲ್ಕು ಗಂಟೆ ಹೊತ್ತು ಕೆಡುವುದಿಲ್ಲವಂತೆ. ಅದನ್ನು ಒಳಲೆಯಲ್ಲಿ ಒಂದೊಂದೇ ಗುಟುಕು ಕುಡಿಸಿ, ಭುಜಕ್ಕೆ ಹಾಕಿಕೊಂಡು ತೇಗಿಸಿ, ಮಲಗಿಸಿಯೂ ಬಿಟ್ಟೆ. ಗೇಟಿನ ಪಕ್ಕ ಸೌತೆಕಾಯಿ ಮಾರುತ್ತಿದ್ದ ಹೆಂಗಸು ಇಡೀ ಹೊತ್ತು ಬಾಯಿ ಬಿಟ್ಟುಕೊಂಡು ನೋಡಿದಳು. "ಅಮ್ಮನ ಆಲು ಡಬ್ಬೀಲಿ! ಏನ್ ಕಾಲ ಬಂತಪ್ಪ," ಅಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಹನ್ನೊಂದೂವರೆಗೆ ಪುಟ್ಟಿ ಎದ್ದಳು. ಸುಮ್ಮನೆ ಎದ್ದದ್ದಲ್ಲ, ಚೀರಿಕೊಂಡೇ ಎದ್ದಳು. ಹಸಿವೆಂದು ಉಳಿದ ಹಾಲು ಕೊಟ್ಟೆ, ಉಗಿದಳು. ಎತ್ತಿಕೊಂಡು ತಿರುಗಾಡಿದೆ, ಹೆಚ್ಚಾಯಿತು. ಕೂತೆ, ಇನ್ನೂ ಹೆಚ್ಚಾಯಿತು. ಮುಖ ಕೆಂಪಗಾಗಿ ಉಸಿರು ಕಟ್ಟಿ, ಮತ್ತೆ ಉಸಿರೆಳೆದು ಕಿರುಚುತ್ತಿದ್ದಳು. ಇದು "ತುಂಬಾ ಅತ್ರೆ"ಯ ಲೆಕ್ಕಕ್ಕೆ ಬರುತ್ತದೋ "ಏನೇ ಆದ್ರೂ" ಲೆಕ್ಕಕ್ಕೆ ಬರುತ್ತದೋ ನನಗೆ ತಿಳಿಯಲಿಲ್ಲ.

ಸೌತೆಕಾಯಿಯವಳು ಎದ್ದು ಬಂದಳು. "ದಿಷ್ಟಿ ಕಣಪ್ಪ. ಗಂಡಸು ಆಲು ಕುಡ್ಸಿದ್ದನ್ನ ಅಷ್ಟ್ ಜನ ನೋಡವ್ರೆ, ಆಗ್ದೆ ಏನಾಗ್ತದೆ?" ಎಲ್ಲರಿಗಿಂತ ಹೆಚ್ಚು ನೋಡಿದವಳು ಅವಳೇ. ರಸ್ತೆಯಾಚೆ ಕಾಯುತ್ತಿದ್ದ ಪೋಷಕರಲ್ಲಿ ಒಬ್ಬ ಹೆಂಗಸು ಗೇಟಿನ ಸರಳಿಗೆ ಮುಖ ಹಚ್ಚಿ, ಹೊಟ್ಟೆನೋವು, ಹೊಕ್ಕುಳಿಗೆ ಇಂಗು ಹಚ್ಚಿ ಅಂದರು. ಚಹಾದ ಗಾಡಿಯ ಮುದುಕ ಅಲ್ಲಿಂದಲೇ ಕಿವಿ ಹಿಡಿದು ತೋರಿಸಿ, "ಕಾದು ವಲಿ ತಂಬಿ, ಕಿವಿನೋವು," ಅಂದ. ನಾನು ಮೂವರಿಗೂ ಹೂಂ ಅಂದೆ.

ಅಮ್ಮನಿಗೆ ಫೋನು ಮಾಡಿದೆ. ಹಿಂದೆ ಓಲಗದ ಸದ್ದು. "ಬಾಯಾರಿಕೆ ಕಣೋ, ಬಿಸಿಲು ನೋಡು. ಎರಡು ಹನಿ ನೀರು ಕುಡಿಸು," ಅಂದಳು. ಅತ್ತೆಗೆ ಮಾಡಿದೆ. ಅವರು ಪಿಸುದನಿಯಲ್ಲಿ, "ಅಯ್ಯೋ ನೀರು ಕುಡ್ಸಬ್ಯಾಡಪ್ಪ, ಶೀತ ಆಗ್ತದೆ. ಎತ್ಕಂಡು ಅವಳ ಅಮ್ಮನ್ ತಾವ ಓಗು ಮೊದ್ಲು," ಅಂದು ಇಟ್ಟುಬಿಟ್ಟರು. ಆರು ತಿಂಗಳು ನೀರು ಕೂಡ ಕೊಡಬಾರದು ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿದ್ದರು. ಗೋಡೆಯ ಮಾತು ಕೇಳುವುದೋ, ನನ್ನನ್ನು ಹೆತ್ತವಳ ಮಾತು ಕೇಳುವುದೋ? ನನ್ನ ತಲೆ ಗಿರ್ರೆಂದಿತು. ಇಷ್ಟು ಜನರಿಗೆ ಗೊತ್ತಿರುವುದು ನನಗೊಬ್ಬನಿಗೇ ಯಾಕೆ ಗೊತ್ತಿಲ್ಲ ಎಂದು ಸಿಟ್ಟು ಬಂತು, ಆ ಸಿಟ್ಟು ಯಾರ ಮೇಲೆ ಎಂಬುದೂ ಗೊತ್ತಾಗಲಿಲ್ಲ.

ಚಲಪತಿ ಎದುರು ನಿಂತಿದ್ದ. ಆಚೆ ಹಾಕುವ ಮಾತು ಮರೆತಂತಿತ್ತು. "ಯಾವ್ ರೂಮಪ್ಪ ನಿನ್ನ ಎಂಡ್ತಿ? ಕರೀಲಾ?"

"ಹೂಂ, ಕರೀರಿ," ಅಂದೆ. ಅವನು ಎರಡು ಹೆಜ್ಜೆ ಇಟ್ಟ. "ಬೇಡ, ಬೇಡ." ನಿಂತ. ಪುಟ್ಟಿಯ ಉಸಿರು ಮತ್ತೆ ಕಟ್ಟಿತು. "ಕರೀರಿ ಅಣ್ಣ!" ಅವನು ಹೊರಟ. ಓಡಿ ಹೋಗಿ ಅವನ ತೋಳು ಹಿಡಿದುಕೊಂಡೆ.

"ಲೇ, ಏನಾನಾ ಒಂದು ಏಳ್ಲಾ!" ಅಂದ ಚಲಪತಿ.

ನನಗೆ ಅಳು ಬಂತು. ಅಷ್ಟು ಜನರ ಮುಂದೆ, ಅಳುವ ಮಗುವನ್ನು ಎತ್ತಿಕೊಂಡು, ಮಗುವಿನ ಹಾಗೇ ಅತ್ತೆ. ಅಳುತ್ತಲೇ, ಅರ್ಚನ ನನ್ನ ಕೈಗೆ ಕೊಟ್ಟುಹೋಗಿದ್ದ ಅವಳ ಫೋನಿನಲ್ಲಿ ಶಶಿರೇಖ ಅಕ್ಕನ ನಂಬರು ಒತ್ತಿದೆ. ಅವರು ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ. ಅರ್ಚನಳನ್ನು ಬಸುರಿಯಾದ ದಿನದಿಂದ ನೋಡಿದವರು. ಏನಾದರೂ ಆದರೆ ಮಾಡು ಎಂದು ಅವಳಿಗೆ ನಂಬರು ಕೊಟ್ಟಿದ್ದರು, ನನಗಲ್ಲ. ಹೆಂಗಸರ ವಿಷಯ ಎಂದು ನಾನೂ ಯಾವತ್ತೂ ಮಾಡಿರಲಿಲ್ಲ.

"ಅಕ್ಕ, ಏನು ಕುಡಿಸಲಿ?" ಅಂದೆ.

"ಏನೂ ಕುಡಿಸಬೇಡ. ಜ್ವರ ಇದೆಯಾ, ಮುಟ್ಟಿ ನೋಡು. ಇಲ್ವಾ? ಸರಿ, ಕೂತ್ಕೊ. ಬಟ್ಟೆ ಎಲ್ಲಾ ಬಿಚ್ಚು. ತಲೆಯಿಂದ ಶುರು ಮಾಡಿ ಕಾಲಿನವರೆಗೆ ಏನು ಕಾಣ್ತದೋ ಒಂದೊಂದೇ ನನಗೆ ಹೇಳ್ತಾ ಹೋಗು."

ಅಲ್ಲಿಯವರೆಗೆ ಎಲ್ಲರೂ ಏನು ಆಗಿದೆ ಎಂದು ನನಗೆ ಹೇಳಿದ್ದರು. ಏನು ಕಾಣುತ್ತಿದೆ ಎಂದು ಕೇಳಿದವರು ಇವರೊಬ್ಬರೇ. ಟವೆಲ್ಲು ಹಾಸಿ ಪುಟ್ಟಿಯನ್ನು ಮಲಗಿಸಿದೆ. ಎರಡು ಇಂಚು ದಪ್ಪದ ಕಬ್ಬಿಣದ ಪ್ಲೇಟನ್ನು ಕೂದಲೆಳೆಯಷ್ಟೂ ಬಿರುಕಿಲ್ಲದ ಹಾಗೆ ಕೂಡಿಸುವ ನನಗೆ ಆ ಅಂಗಿಯ ಲಾಡಿ ಬಿಚ್ಚಲು ಬರಲಿಲ್ಲ. ಕೊನೆಗೆ ಸೌತೆಕಾಯಿಯವಳು ಬಿಚ್ಚಿಕೊಟ್ಟಳು.

"ನೆತ್ತಿ ಸರಿಯಾಗಿದೆ ಅಕ್ಕ. ಕಿವಿ ಸೋರ್ತಿಲ್ಲ. ಕತ್ತಿನಲ್ಲಿ ಸ್ವಲ್ಪ ಬೆವರುಸಾಲೆ. ಅಕ್ಕ, ಬೆನ್ನ ಕೆಳಗೆ ನೀಲಿಗಟ್ಟಿದೆ! ಇಷ್ಟು ಅಗಲ! ಎಲ್ಲೋ ಏಟು ಬಿದ್ದಿದೆ!"

"ಅದು ಹುಟ್ಟು ಮಚ್ಚೆ ಕಣಪ್ಪ. ಹುಟ್ಟಿದ ದಿನದಿಂದ ಇದೆ," ಅಂದರು ಶಶಿರೇಖ ಅಕ್ಕ. "ನೀನು ನೋಡೇ ಇಲ್ವಾ?"

ನೋಡಿರಲಿಲ್ಲ. ಅಮ್ಮ ಸ್ನಾನ ಮಾಡಿಸುತ್ತಿದ್ದಳು, ಅಮ್ಮ ಇಲ್ಲದಾಗ ಅರ್ಚನ ಮಾಡಿಸುತ್ತಿದ್ದಳು. ನಾನು ಬಿಸಿನೀರು ತಂದಿಟ್ಟು ಬಾಗಿಲ ಆಚೆ ಬಂದು ನಿಲ್ಲುತ್ತಿದ್ದೆ. ಎಂಬತ್ತು ದಿನದಲ್ಲಿ ನನ್ನ ಮಗಳನ್ನು ನಾನು ಪೂರ್ತಿ ನೋಡುತ್ತಿದ್ದದ್ದು ಅದೇ ಮೊದಲು. ಕಾಲೇಜಿನ ಹೊಂಗೆಮರದ ಕೆಳಗೆ, ಹೋಂಗಾರ್ಡಿನ ಸಮ್ಮುಖದಲ್ಲಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಕಾಲು?" ಅಂದರು ಅಕ್ಕ.

ಬಲಗಾಲಿನ ಸಾಕ್ಸು ತೆಗೆದೆ. ಸರಿಯಾಗಿತ್ತು. ಎಡಗಾಲಿನದನ್ನು ಎಳೆಯುವ ಮುಂಚೆಯೇ ನನಗೆ ನೆನಪಾಯಿತು.

ಹಿಂದಿನ ದಿನ ಅತ್ತೆ ಯಾರ ಕೈಯಲ್ಲೋ ಒಂದು ಕಪ್ಪುದಾರ ಕಳಿಸಿದ್ದರು, ದೇವಸ್ಥಾನದಲ್ಲಿ ಇಟ್ಟು ಪೂಜೆ ಮಾಡಿಸಿದ್ದು. ಕೂಸನ್ನು ಮೊದಲ ಸಲ ರೈಲು ಹತ್ತಿಸುತ್ತಿದ್ದೀರಿ, ಕಾಲಿಗೆ ಕಟ್ಟಪ್ಪ, ಅವಳಿಗೆ ಹೇಳಬೇಡ ಎಂದು ಫೋನಿನಲ್ಲಿ ಹೇಳಿದ್ದರು. ಅರ್ಚನಳಿಗೆ ದಾರ, ತಾಯಿತ ಒಂದೂ ಆಗುವುದಿಲ್ಲ. ಅತ್ತೆಗೆ ಹೂಂ ಅಂದಿದ್ದೆ. ಬೆಳಿಗ್ಗೆ ಅವಳು ತಲೆ ಬಾಚುತ್ತಿದ್ದಾಗ ಅವಸರದಲ್ಲಿ ನಾಲ್ಕು ಸುತ್ತು ಸುತ್ತಿ, ಬಿದ್ದುಹೋಗದಿರಲೆಂದು ಬಿಗಿಯಾಗಿ ಮೂರು ಗಂಟು ಹಾಕಿ, ಕಾಣದಿರಲೆಂದು ಮೇಲೆ ಸಾಕ್ಸು ತೊಡಿಸಿದ್ದೆ.

ಈಗ ಆ ದಾರ ಕಾಣುತ್ತಲೇ ಇರಲಿಲ್ಲ. ಬಾತುಕೊಂಡ ಮಾಂಸದೊಳಕ್ಕೆ ಇಳಿದುಹೋಗಿತ್ತು. ಪಾದ ಊದಿ, ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಆ ದಾರ ಕಟ್ಟಿದ ಕೈಯನ್ನು ನೆಲಕ್ಕೆ ಬಡಿಯಬೇಕೆನ್ನಿಸಿತು.

"ಕತ್ತರಿಸು," ಅಂದರು ಶಶಿರೇಖ ಅಕ್ಕ. ಅವರ ದನಿ ಮೊದಲ ಬಾರಿ ಅವಸರದಲ್ಲಿತ್ತು. "ಈಗಲೇ. ಆಮೇಲೆ ಬಣ್ಣ ತಿರುಗ್ತದಾ ನೋಡು. ಐದು ನಿಮಿಷದಲ್ಲಿ ತಿರುಗದಿದ್ರೆ ಸೀದಾ ಆಸ್ಪತ್ರೆಗೆ ಓಡು."

"ದೇವ್ರ ದಾರ ಕುಯ್ಯಬಾರ್ದು, ಗಂಟು ಬಿಚ್ಚು," ಅಂದಳು ಸೌತೆಕಾಯಿಯವಳು.

"ಇಲ್ಲ," ಅಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಚಲಪತಿ ಕೀಲಿಗೊಂಚಲು ಚಾಚಿದ, ಅದರಲ್ಲೊಂದು ನೇಲ್ ಕಟರ್ ಇತ್ತು. ಅವನು ಕಾಲು ಅಲುಗದ ಹಾಗೆ ಹಿಡಿದ. ಉಗುರಿನಿಂದ ಮಾಂಸವನ್ನು ಒತ್ತಿ, ದಾರದ ಒಂದು ಸುತ್ತು ಸಿಕ್ಕಿದಾಗ ಕಚ್ಚಿಸಿದೆ. ಆಮೇಲೆ ಎರಡನೆಯದು. ಪುಟ್ಟಿ ಕೂಗುತ್ತಿದ್ದದ್ದು ನನಗೆ ಕೇಳಿಸುತ್ತಿರಲಿಲ್ಲ. ನಾಲ್ಕನೆಯದು ಬಿಟ್ಟುಕೊಂಡಾಗ ಕಾಲಿನ ಸುತ್ತ ಕೆಂಪು ಗೀರು ಉಳಿಯಿತು, ಒಂದು ಕಡೆ ಚರ್ಮ ಹರಿದು ರಕ್ತ ಜಿನುಗಿತ್ತು. ಬೆರಳುಗಳನ್ನು ನೋಡುತ್ತಾ ಕೂತೆವು, ಚಲಪತಿ ಗಡಿಯಾರ ಹಿಡಿದುಕೊಂಡ. ಮೂರನೇ ನಿಮಿಷಕ್ಕೆ ಹೆಬ್ಬೆರಳು ಗುಲಾಬಿಯಾಯಿತು. ಆಮೇಲೆ ಉಳಿದವು. ಪುಟ್ಟಿ ಬಿಕ್ಕುತ್ತಾ ಬಿಕ್ಕುತ್ತಾ, ನನ್ನ ಅಂಗಿಯ ಜೇಬು ಹಿಡಿದುಕೊಂಡು ನಿದ್ದೆ ಹೋದಳು. ಸಂಜೆಯೊಳಗೆ ಡಾಕ್ಟರಿಗೆ ತೋರಿಸಲೇಬೇಕೆಂದು ಹೇಳಿ ಶಶಿರೇಖ ಅಕ್ಕ ಫೋನಿಟ್ಟರು.

ಒಂದು ಗಂಟೆಗೆ ಬೆಲ್ಲಾಯಿತು. "ಕೂಸು ಮಲಗೈತೆ. ಏನೂ ಏಳ್ಬೇಡ ಎಂಡ್ತಿಗೆ, ಸುಮ್ನಿರು," ಎಂದು ಚಲಪತಿ ನನ್ನ ಕಿವಿಯಲ್ಲಿ ಅಂದ. ಅರ್ಚನ ಎಲ್ಲರಿಗಿಂತ ಮುಂಚೆ ಹೊರಬಂದಳು. ವೇಲನ್ನು ಎದೆಯ ಸುತ್ತ ಎರಡು ಸುತ್ತು ಬಿಗಿದಿದ್ದಳು, ಆದರೂ ಚೂಡಿದಾರ ಹೊಟ್ಟೆಯವರೆಗೆ ಒದ್ದೆಯಾಗಿತ್ತು.

"ಕೇಳುಸ್ತು," ಅಂದಳು, ಮಗುವನ್ನು ಕಸಿದುಕೊಳ್ಳುತ್ತಾ. "ಮೊದಲ್ನಿಂದ ಎಲ್ಲಾ ಕೇಳುಸ್ತು. ಎರಡು ಸಲ ಎದ್ದು ನಿಂತೆ. ಸೂಪರ್‌ವೈಸರು ಓಗ್ತೀಯಾ ಅಂದ್ರು. ನೀನು ಕರೀಲಿಲ್ಲ. ಕರೀಲಿಲ್ಲ ಅಂದ್ಮೇಲೆ ನಿಂಗೆ ಏನಂತ ಗೊತ್ತಾಗೈತೆ, ನೋಡ್ಕೊತಿದ್ದೀಯ ಅಂತ ಕುಂತ್ಕೊಂಡು ಬರ್ದೆ. ಪೂರ್ತಿ ಬರ್ದೆ ಮಂಜು."

ನಾನು ಕರೆಯದೇ ಇದ್ದದ್ದು ನನಗೆ ಗೊತ್ತಿತ್ತೆಂದಲ್ಲ. ಏನೂ ಗೊತ್ತಿರಲಿಲ್ಲ ಎಂದು. ಆ ಅಜ್ಞಾನವನ್ನು ನಂಬಿಕೊಂಡು ಅವಳು ಒಳಗೆ ಕೂತು ಬರೆದಿದ್ದಳು. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸುತ್ತಿದ್ದ ಟವೆಲ್ಲು ಸರಿಸಿ ಕಾಲು ತೋರಿಸಿದೆ.

ಅವಳು ಆ ಗೀರನ್ನು ನೋಡಿದಳು. "ಅಮ್ಮ ಕಟ್ಟುದ್ಲಾ?"

"ಕಳಿಸಿದ್ದು ಅತ್ತೆ. ಕಟ್ಟಿದ್ದು ನಾನು. ನಿನಗೆ ಗೊತ್ತಾಗದ ಹಾಗೆ ಕಟ್ಟಿದೆ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮರದ ಕೆಳಗೆ ಕೂತು, ವೇಲು ಹೊದ್ದು ಪುಟ್ಟಿಗೆ ಹಾಲು ಕೊಟ್ಟಳು. ಹಾಲು ಕುಡಿಯುತ್ತಿದ್ದ ಮಗುವಿನ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ಅತ್ತಳು. ನಾನು ಅವಳ ಹಾಲ್‌ಟಿಕೆಟ್ಟು ಹಿಡಿದುಕೊಂಡು ಎದುರಿಗೆ ನಿಂತಿದ್ದೆ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವಳು ನನ್ನ ಕಡೆ ತಿರುಗದೆ ಅಂದಳು. "ನಾಳೆಯಿಂದ ಇವಳ ಸ್ನಾನ ನೀನ್ ಮಾಡ್ಸು. ದಿನಾ. ನಾನು ನೀರು ತಂದಿಟ್ಟು ಆಚೆ ನಿಂತ್ಕೊತೀನಿ."

"ನನಗೆ ಬರಲ್ಲ ಅರ್ಚನ. ಜಾರಿಸಿಬಿಡ್ತೀನಿ."

ಅವಳು ಪುಟ್ಟಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ನಂಗೂ ಬತ್ತಿರ್ಲಿಲ್ಲ," ಅಂದಳು.